ಪೇರೆಂಟಲ್ ಲಾಕ್ ಹಾಕಿ 14 ತಿಂಗಳು: ಆಯಿಯ ಪಿನ್ ಮತ್ತು ಕಾಣೆಯಾದ ಕನ್ನಡ

ನಮ್ಮ ಮನೆಯ ಟಿವಿಯಲ್ಲಿರುವ ಸಿನಿಮಾ ಆ್ಯಪ್‌ಗೆ ಮಕ್ಕಳ ಲಾಕ್ ಹಾಕಿ 14 ತಿಂಗಳಾಯಿತು. ಕಂಪನಿಯ ಹೆಸರು ಹೇಳುವುದಿಲ್ಲ. ಲಾಕ್ ತನ್ನ ಕೆಲಸ ಮಾಡುತ್ತಿದೆ. ಆದರೆ ಅದರ ಜೊತೆಗೇ ನಮ್ಮ ಮಗನ ಸಂಜೆಯಿಂದ ಕನ್ನಡ ಹೊರಟುಹೋಯಿತು. ಅದನ್ನು ವಾಪಸ್ ತರಲು ನನಗೆ ಎರಡು ತಿಂಗಳು ಬೇಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಧಾರವಾಡದ ಸಪ್ತಾಪುರದಲ್ಲಿ, ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಚಿಗರಿ ಬಸ್ ಇಳಿದು ಮನೆ ಸೇರುವಾಗ ಏಳು ದಾಟಿರುತ್ತದೆ. ಮಗ ಮೂರನೇ ಕ್ಲಾಸು, ನಾಲ್ಕೂವರೆಗೆ ಬಂದುಬಿಡುತ್ತಾನೆ. ಅಲ್ಲಿಂದ ಏಳರ ತನಕ ಅವನು, ನಮ್ಮ ಅತ್ತೆ ಇಬ್ಬರೇ. ಅಜ್ಜಿಯನ್ನು ಅವನು ಕರೆಯುವುದು 'ಆಯಿ' ಅಂತ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಅತ್ತೆ ಚುರಮುರಿಗೆ ಒಗ್ಗರಣೆ ಹಾಕಿರುತ್ತಾರೆ. ಶೇಂಗಾ ಅವನ ತಟ್ಟೆಗೆ ಜಾಸ್ತಿ, ಹಸಿಮೆಣಸಿನಕಾಯಿ ತಮ್ಮ ತಟ್ಟೆಗೆ ಜಾಸ್ತಿ. ಇಬ್ಬರೂ ಚಾಪೆ ಮೇಲೆ ಗೋಡೆಗೆ ಒರಗಿ ಕೂತು ಒಂದು ಗಂಟೆ ಟಿವಿ ನೋಡುತ್ತಾರೆ. ಆ ಒಂದು ಗಂಟೆ ನಮ್ಮ ಅತ್ತೆಗೆ ಇಡೀ ದಿನದ ಖುಷಿ.

ಹೋದ ವರ್ಷ ಒಂದು ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಲು ಎದ್ದು ಹೋಗಿದ್ದರು. ನೋಡುತ್ತಿದ್ದ ಸಿನಿಮಾ ಮುಗಿಯಿತು. ಅದು ನಮ್ಮನೆಯವರ ಪ್ರೊಫೈಲ್. ಮುಂದಿನದು ತಾನೇ ಶುರುವಾಯಿತು, ಒಂದು ಕೊಲೆಯ ಸೀರಿಯಲ್. ಅತ್ತೆ ವಾಪಸ್ ಬರುವಷ್ಟರಲ್ಲಿ ಮಗ ನೋಡಬಾರದ್ದನ್ನು ನೋಡಿ ಆಗಿತ್ತು. ಮೂರು ರಾತ್ರಿ ಅವನು ಒಬ್ಬನೇ ಬಾತ್‌ರೂಮಿಗೂ ಹೋಗಲಿಲ್ಲ. ಅತ್ತೆ ತಮ್ಮದೇ ತಪ್ಪು ಎಂದು ಸಂಕಟಪಟ್ಟರು. ತಪ್ಪು ಅವರದ್ದಲ್ಲ, ನಾನು ಸೆಟ್ ಮಾಡದೆ ಬಿಟ್ಟಿದ್ದೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮಗನ ಹೆಸರಿನಲ್ಲಿ ಮಕ್ಕಳ ಪ್ರೊಫೈಲ್ ತೆಗೆದು, ಆಯಿತು ಎಂದು ಬಿಟ್ಟೆ. ಮರುದಿನವೇ ಅವನು ಬ್ಯಾಕ್ ಬಟನ್ ಒತ್ತಿ ಅಪ್ಪನ ಪ್ರೊಫೈಲಿಗೆ ಹೋಗಿ ಕೂತಿದ್ದ. ಹೊಸದಾಗಿ ಲಾಕ್ ಹಾಕುವವರು ಇದೊಂದನ್ನು ನೆನಪಿಡಿ. ಪಿನ್ ಬೇಕಾಗಿರುವುದು ದೊಡ್ಡವರ ಪ್ರೊಫೈಲಿಗೆ. ಹೊಸ ಪ್ರೊಫೈಲ್ ತೆಗೆಯುವುದಕ್ಕೂ ಪಿನ್ ಕೇಳುವಂತೆ ಮಾಡಬೇಕು. ಇಲ್ಲದಿದ್ದರೆ ಮಗು ತನಗೇ ಒಂದು ದೊಡ್ಡವರ ಪ್ರೊಫೈಲ್ ಮಾಡಿಕೊಳ್ಳುತ್ತದೆ. ಈ ಸೆಟ್ಟಿಂಗ್ ನನಗೆ ಟಿವಿಯಲ್ಲಿ ಸಿಗಲೇ ಇಲ್ಲ. ಬ್ರೌಸರ್‌ನಲ್ಲಿ ಅಕೌಂಟ್ ತೆರೆದು, ಪಾಸ್‌ವರ್ಡ್ ಇನ್ನೊಮ್ಮೆ ಕೊಟ್ಟು, ಒಂದೊಂದೇ ಪ್ರೊಫೈಲ್ ಒಳಗೆ ಹೋಗಿ ಮಾಡಬೇಕಾಯಿತು. ಅರ್ಧ ಗಂಟೆಯ ಕೆಲಸ.

ವಯಸ್ಸಿನ ಮಿತಿಯನ್ನು 7+ ಎಂದು ಇಟ್ಟೆ. ತೊಂದರೆ ಶುರುವಾಗಿದ್ದು ಅಲ್ಲಿಂದ.

ಮರುದಿನ ಬಸ್ಸಿನಲ್ಲಿದ್ದಾಗ ಅತ್ತೆಯ ಫೋನ್. 'ನಂಬರ್ ಕೇಳಾಕತ್ತೈತಿ ನೋಡವಾ, ಏನ್ ಒತ್ಲಿ? ನಮ್ಮ ಪಿಚ್ಚರ್ ಒಂದೂ ಕಾಣವಲ್ದು.' ಮನೆಗೆ ಬಂದು ನೋಡಿದೆ. ಅವರಿಬ್ಬರೂ ನಕ್ಕು ನಕ್ಕು ನೋಡುತ್ತಿದ್ದ ಹಳೆಯ ಹಾಸ್ಯದ ಸಿನಿಮಾಗಳು, ಪೌರಾಣಿಕ ಸಿನಿಮಾಗಳು, ಎಲ್ಲ ಮಾಯವಾಗಿದ್ದವು. ಉಳಿದಿದ್ದು ಹಿಂದಿ ಮತ್ತು ಇಂಗ್ಲಿಷ್ ಕಾರ್ಟೂನುಗಳು. ಒಂದು ಭಾನುವಾರ ಕೂತು ಮಕ್ಕಳ ಪ್ರೊಫೈಲ್ ಪೂರ್ತಿ ಜಾಲಾಡಿದೆ. ಕನ್ನಡದಲ್ಲಿ ಕೇಳಲು ಸಿಕ್ಕಿದ್ದು ನಾಲ್ಕೇ. ಅವೂ ಎಲ್ಲೋ ಕೆಳಗೆ ಹುದುಗಿದ್ದವು. ಮಕ್ಕಳ ಪ್ರೊಫೈಲ್ ಒಳಗೆ ಭಾಷೆ ಆರಿಸಿ ಹುಡುಕುವ ದಾರಿಯೂ ಇಲ್ಲ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ನನಗೆ ಸ್ವಲ್ಪ ಓದಬೇಕಾಯಿತು. 2021ರ ಫೆಬ್ರುವರಿಯಲ್ಲಿ ಬಂದ ಐಟಿ ನಿಯಮಗಳ ಪ್ರಕಾರ ಇಂಥ ಆ್ಯಪ್‌ಗಳು ತಮ್ಮಲ್ಲಿರುವುದನ್ನೆಲ್ಲ ಐದು ದರ್ಜೆಗಳಲ್ಲಿ ಹಾಕಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಎ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಲೇಬೇಕು. ಆದರೆ ಈ ದರ್ಜೆ ಕೊಡುವವರು ಆ್ಯಪಿನವರೇ, ಸೆನ್ಸಾರ್ ಬೋರ್ಡ್ ಅಲ್ಲ. ನಾನು ಎರಡೂ ಒಂದೇ ಅಂದುಕೊಂಡಿದ್ದೆ. ಥಿಯೇಟರಿನಲ್ಲಿ ಯು ಸರ್ಟಿಫಿಕೇಟ್ ಪಡೆದಿದ್ದ ಹಳೆಯ ಸಿನಿಮಾ ಇಲ್ಲಿ 13+ ಆಗಿರುವುದನ್ನು ನಾನೇ ನೋಡಿದೆ. ಒಂದು ಹೊಡೆದಾಟ, ಒಂದು ಸಿಗರೇಟು ಇದ್ದರೆ ಸಾಕು ಅಂತ ಕಾಣುತ್ತದೆ. ಇನ್ನೊಂದು ಮಾತು. ಯು/ಎ 13+ ಎಂದರೆ ಚಿಕ್ಕವರು ನೋಡಲೇಬಾರದು ಅಂತಲ್ಲ, ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು ಅಂತ. ನಮ್ಮ ಮನೆಯಲ್ಲಿ ದೊಡ್ಡವರು ಪಕ್ಕದಲ್ಲೇ ಚಾಪೆ ಮೇಲೆ ಕೂತಿರುತ್ತಾರೆ. ಅದು ಲಾಕ್‌ಗೆ ಗೊತ್ತಾಗುವುದಿಲ್ಲ, ಅಲ್ವಾ?

ಎರಡು ತಿಂಗಳು ಹಾಗೇ ನಡೆಯಿತು. ಮಗ ಒಬ್ಬನೇ ಹಿಂದಿ ಕಾರ್ಟೂನು ನೋಡುತ್ತಿದ್ದ. ಅತ್ತೆಗೆ ಹಿಂದಿ ಬರುವುದಿಲ್ಲ, ಅವರು ಅಡುಗೆಮನೆಯಲ್ಲಿ ಕಾಳು ಆರಿಸುತ್ತ ಕೂರತೊಡಗಿದರು. ಒಂದು ದಿನ ಮಗ ಆಯಿಗೆ ಹಿಂದಿಯಲ್ಲಿ ನೀರು ಕೇಳಿದ. ಅವರು ನನ್ನ ಮುಖ ನೋಡಿದರು. ನನಗೆ ತುಂಬಾ ಬೇಜಾರಾಯಿತು. ನಮ್ಮ ನಾದಿನಿಯ ಮಗಳು ಚಿಕ್ಕವಳಿದ್ದಾಗ ಚಿಂಟು ಟಿವಿ ನೋಡುತ್ತ ಕನ್ನಡದಲ್ಲೇ ಹಾಡಿ ಕುಣಿಯುತ್ತಿದ್ದಳು. ಅವಳಿಗೆ ಸಿಕ್ಕಷ್ಟು ಇವನಿಗೆ ಸಿಗಬಾರದೇ? ಆಗ ವರ್ಷಕ್ಕೆ ಸುಮಾರು 1,500 ರೂಪಾಯಿ ಕೊಡುತ್ತಿದ್ದೆವು. ಸುಮ್ನೆ ಕೊಡುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅಕೌಂಟ್ ಪುಟದ ಕೊನೆಯಲ್ಲಿ. ವಯಸ್ಸಿನ ಮಿತಿಯ ಕೆಳಗೆ ಇನ್ನೊಂದು ಖಾನೆ ಇದೆ. ಅಲ್ಲಿ ಸಿನಿಮಾ ಅಥವಾ ಸೀರಿಯಲ್ ಹೆಸರು ಬರೆದರೆ, ಅದೊಂದು ಮಾತ್ರ ಆ ಪ್ರೊಫೈಲಿನಲ್ಲಿ ಕಾಣುವುದಿಲ್ಲ. ಇದನ್ನು ಮೊದಲೇ ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. 'ಆಯಿ' ಎಂಬ ಹೆಸರಿನಲ್ಲೇ ಹೊಸ ಪ್ರೊಫೈಲ್ ತೆಗೆದೆ. ಮಿತಿ 13+ ಇಟ್ಟೆ. ನನಗೆ ಬೇಡ ಎನಿಸಿದ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ತೆಗೆದುಹಾಕಿದೆ. ಈಗ ಪಟ್ಟಿ ಹತ್ತೊಂಬತ್ತಕ್ಕೆ ಬಂದಿದೆ. ಹೊಸದು ಬಂದಾಗ ಅತ್ತೆಯೇ ಹೇಳುತ್ತಾರೆ, 'ಇದು ನಮ್ಮ ತಮ್ಮಗ ಬ್ಯಾಡ.' ಅವರ ತೀರ್ಮಾನ ಆ್ಯಪಿನ ದರ್ಜೆಗಿಂತ ಎಷ್ಟೋ ಸರಿ. ಕುಡಿತದ ಹಾಸ್ಯ ಇದ್ದರೆ ಅವರು ತಕ್ಷಣ ಬೇಡ ಅನ್ನುತ್ತಾರೆ. ರಾಕ್ಷಸನ ತಲೆ ಕಡಿಯುವ ಪೌರಾಣಿಕ ಯುದ್ಧಕ್ಕೆ ಅವರ ಅಭ್ಯಂತರವಿಲ್ಲ, ಪಕ್ಕದಲ್ಲಿ ಕೂತು ಕಥೆ ಬಿಡಿಸಿ ಹೇಳುತ್ತಾರೆ.

ಆಯಿ ಪ್ರೊಫೈಲಿನ ಪಿನ್ ಅವರೇ ಆರಿಸಿದರು. ಗದಗಿನ ತವರುಮನೆಯಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ನಂಬರಿನ ಕೊನೆಯ ನಾಲ್ಕು ಅಂಕಿ. ಅವರು ಮರೆಯುವ ಪ್ರಶ್ನೆಯೇ ಇಲ್ಲ. ಮಗನಿಗೆ ಆ ನಂಬರ್ ಗೊತ್ತಿಲ್ಲ.

ಆದರೆ ಇಲ್ಲೊಂದು ದೋಷ ಇದೆ. ಕಂಪನಿಯವರು ಇದನ್ನು ಸರಿಮಾಡಲೇಬೇಕು. ನಮ್ಮ ರಿಮೋಟಿನಲ್ಲಿ ಅಂಕಿಯ ಬಟನ್ನುಗಳಿಲ್ಲ. ಪಿನ್ ಕೊಡಬೇಕಾದರೆ ಪರದೆಯ ಮೇಲೆ ಅಂಕಿಗಳ ಪಟ್ಟಿ ಬರುತ್ತದೆ, ಬಾಣದ ಬಟನ್ ಒತ್ತಿ ಒಂದೊಂದಕ್ಕೆ ಹೋಗಬೇಕು. ಮೇಲಿನ ಖಾನೆಯಲ್ಲಿ ಚುಕ್ಕಿ ಬೀಳುತ್ತದೆ, ಸರಿ. ಕೆಳಗೆ ಯಾವ ಅಂಕಿಯ ಮೇಲೆ ನಿಂತಿದ್ದೇವೆ ಎಂಬುದು ದೊಡ್ಡದಾಗಿ ಬೆಳಗುತ್ತದೆ! 43 ಇಂಚಿನ ಟಿವಿಯಲ್ಲಿ ಅದು ಹೊರಗಿನ ಕಟ್ಟೆಯ ತನಕ ಕಾಣುತ್ತದೆ. ಅತ್ತೆ ಪಾಪ ರಿಮೋಟನ್ನು ಸೆರಗಿನ ಒಳಗೆ ಇಟ್ಟುಕೊಂಡು ಒತ್ತುತ್ತಿದ್ದರು. ನಮ್ಮನೆಯವರ ಪಿನ್ನನ್ನು ಮಗ ಮೂರೇ ದಿನದಲ್ಲಿ ಓದಿಕೊಂಡಿದ್ದ. ಅದನ್ನು ನಾನು ಎರಡು ಸಲ ಬದಲಿಸಬೇಕಾಯಿತು. ಪ್ರತಿ ಸಲ ಅಂಕಿಗಳು ಬೇರೆ ಬೇರೆ ಜಾಗದಲ್ಲಿ ಬಂದರೂ ಉಪಯೋಗವಿಲ್ಲ, ಏಕೆಂದರೆ ಬೆಳಗುವ ಅಂಕಿಯನ್ನೇ ಮಗು ಓದುತ್ತದೆ. ಪಿನ್ನನ್ನು ಫೋನಿನಲ್ಲಿ ಒತ್ತುವಂತಿರಬೇಕು.

ಅತ್ತೆ ತಾವೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ತಟ್ಟೆಗಳನ್ನು ಚಾಪೆ ಮೇಲೆ ಇಟ್ಟ ಮೇಲೆ, 'ತಮ್ಮಾ, ಒಂದು ತಂಬಿಗಿ ನೀರು ತಗೊಂಬಾ' ಅನ್ನುತ್ತಾರೆ. ನೀರಿನ ಮಡಿಕೆ ಹಿತ್ತಲ ಬಾಗಿಲಿನ ಹತ್ತಿರ ಇದೆ. ಅವನು ಹೋಗಿ, ಮಡಿಕೆಯ ಮುಚ್ಚಳ ತೆಗೆದು, ತುಳುಕಿಸದೆ ತುಂಬಿಕೊಂಡು ಬರುವಷ್ಟರಲ್ಲಿ ನಾಲ್ಕು ಅಂಕಿ ಮುಗಿದಿರುತ್ತವೆ. ಒಂದು ವರ್ಷದಿಂದ ದಿನಾ ಹೀಗೇ. ಅವನಿಗೂ ವಿಷಯ ಗೊತ್ತು ಅಂತ ನನ್ನ ಅನುಮಾನ, ಆದರೂ ಹೋಗಿ ನೀರು ತರುತ್ತಾನೆ.

ತಾನೇ ಮುಂದಿನದು ಶುರುವಾಗುವುದನ್ನೂ ನಿಲ್ಲಿಸಿದೆ. ಇದು ಬೇರೆ ಸೆಟ್ಟಿಂಗ್, ಪ್ರತಿ ಪ್ರೊಫೈಲಿಗೂ ಪ್ರತ್ಯೇಕವಾಗಿ ಮಾಡಬೇಕು. ಹೋದ ವರ್ಷದ ಆ ಸಂಜೆ ಇದೊಂದು ಮಾಡಿದ್ದರೂ ಸಾಕಿತ್ತು. ಈಗ ಸಿನಿಮಾ ಮುಗಿದ ಕೂಡಲೇ ಟಿವಿ ಸುಮ್ಮನಾಗುತ್ತದೆ. ಮಗ ತಾನಾಗಿಯೇ ಎದ್ದು ಆಡಲು ಹೋಗುತ್ತಾನೆ. ಮೊದಲು ಇದೇ ಜಾಗದಲ್ಲಿ ದಿನಾ ಜಗಳ ಆಗುತ್ತಿತ್ತು.

ಯೂಟ್ಯೂಬ್‌ಗೆ ಈ ಲಾಕ್ ಸಂಬಂಧವೇ ಇಲ್ಲ. ಬಹಳ ಜನ ಇಡೀ ಟಿವಿಗೆ ಬೀಗ ಬಿತ್ತು ಎಂದುಕೊಳ್ಳುತ್ತಾರೆ. ಅದು ಆ ಒಂದು ಆ್ಯಪ್‌ಗೆ ಮಾತ್ರ. ನಾನು ಟಿವಿಯ ಸೆಟ್ಟಿಂಗ್‌ಗೆ ಹೋಗಿ ಯೂಟ್ಯೂಬ್‌ಗೆ ಬೇರೆ ಲಾಕ್ ಹಾಕಿದೆ. ಫೋನಿನಲ್ಲಿ ಯೂಟ್ಯೂಬ್ ಕಿಡ್ಸ್ ಇದೆ. ಅದರಲ್ಲಿ ನಾವು ಒಪ್ಪಿದ ವಿಡಿಯೊಗಳನ್ನು ಮಾತ್ರ ತೋರಿಸುವ ವ್ಯವಸ್ಥೆಯೂ, ಟೈಮರ್ ಕೂಡ ಇವೆ. ಕನ್ನಡದ ಮಕ್ಕಳ ಹಾಡು, ಕಥೆಗಳನ್ನು ನಾನೇ ಆರಿಸಿ ಹಾಕಿದ್ದೇನೆ. ಪ್ರಯಾಣದಲ್ಲಿ ಅದೇ ಸಾಕಾಗುತ್ತದೆ.

ಕಸ್ಟಮರ್ ಕೇರ್‌ಗೆ ಎರಡು ಸಲ ಬರೆದೆ. ಒಮ್ಮೆ ಪಿನ್ ಪರದೆಯ ಬಗ್ಗೆ, ಒಮ್ಮೆ ಮಕ್ಕಳ ಪ್ರೊಫೈಲಿನಲ್ಲಿ ಕನ್ನಡ ಆರಿಸುವ ಸೌಲಭ್ಯದ ಬಗ್ಗೆ. ಎರಡಕ್ಕೂ ಬಂದ ಉತ್ತರ ಒಂದೇ, ನಿಮ್ಮ ಸಲಹೆಯನ್ನು ತಂಡಕ್ಕೆ ತಿಳಿಸುತ್ತೇವೆ ಅಂತ. ನೀವೂ ಬರೆಯಿರಿ. ಬರೆಯುವಾಗ ಕನ್ನಡದಲ್ಲೇ ಬರೆಯಿರಿ, ಕೇಳುವವರಿದ್ದಾರೆ ಎಂದು ಅವರಿಗೆ ಗೊತ್ತಾಗಲಿ.

ಈ ಸಲ ವರ್ಷದ ಪ್ಲ್ಯಾನ್ ಮುಗಿದಾಗ ತಿಂಗಳಿನ ಪ್ಲ್ಯಾನಿಗೆ ಬಂದೆ. ಲೆಕ್ಕ ಹಾಕಿದರೆ ಸ್ವಲ್ಪ ದುಬಾರಿಯೇ. ಆದರೆ ಹೆಸರು ಹಿಡಿದು ತಡೆಯುವ ಆ ಖಾನೆಯನ್ನು ಬಿಡಲು ಮನಸ್ಸಿಲ್ಲ, ಅತ್ತೆಯ ಹತ್ತೊಂಬತ್ತು ಹೆಸರುಗಳು ಅದರಲ್ಲಿವೆ. ದೀಪಾವಳಿಯ ತನಕ ನೋಡುತ್ತೇನೆ. ಮಕ್ಕಳ ಪ್ರೊಫೈಲಿನಲ್ಲಿ ಕನ್ನಡ ನಾಲ್ಕರಿಂದ ಮೇಲೆ ಏರದಿದ್ದರೆ, ಇಂಥದೇ ಖಾನೆ ಇರುವ ಬೇರೆ ಆ್ಯಪ್ ಹುಡುಕುತ್ತೇನೆ. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.