ಬಿಟ್‌ಕಾಯಿನ್ ತಲುಪಿದೆ, ಬ್ಯಾಲೆನ್ಸ್‌ನಲ್ಲಿ ಮಾತ್ರ ಇಲ್ಲ

ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಕೊಂಡು ಮಾರುವ ಈ ಎಕ್ಸ್‌ಚೇಂಜ್ ಆ್ಯಪನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಶುಲ್ಕ, ಚಾರ್ಟು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ನಾನು ದೊಡ್ಡ ಟ್ರೇಡರ್ ಏನಲ್ಲ. ಬೆಳಿಗ್ಗೆ ಬೆಲ್ಲದ ಕಾಫಿ ಹಿಡಿದು ಜಗಲಿಗೆ ಬರುತ್ತೇನೆ. ಮೊದಲು ಮಳೆ ಎಷ್ಟು ಇಂಚು ಅಂತ ಅಳೆದು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ರೊಬಸ್ಟಾ ಚೆರಿ ರೇಟು. ಕೊನೆಗೆ ಈ ಆ್ಯಪ್. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇಲ್ಲಿ ಅದು ಸಣ್ಣ ವಿಷಯ ಅಲ್ಲ.

ಸಿಟ್ಟು ಬಂದದ್ದು ಡೆಪಾಸಿಟ್ ವಿಷಯಕ್ಕೆ. ತೋಟದ ಕೆಲಸದವರ ಬಟವಾಡೆಗೆ ದುಡ್ಡು ಬೇಕಿತ್ತು. ಮಾರಲು ಸ್ವಂತ ವಾಲೆಟ್‌ನಿಂದ ಸ್ವಲ್ಪ ಬಿಟ್‌ಕಾಯಿನ್ ಈ ಆ್ಯಪ್‌ಗೆ ಕಳಿಸಿದೆ. ಟ್ರಾನ್ಸಾಕ್ಷನ್ ಐಡಿ ಹಾಕಿ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಬಿಟ್‌ಕಾಯಿನ್ ವಹಿವಾಟುಗಳನ್ನು ಯಾರು ಬೇಕಾದರೂ ನೋಡಬಹುದಾದ ಸೈಟು) ನೋಡಿದರೆ ಅಡ್ರೆಸ್ ಸರಿ ಇದೆ, ಕನ್ಫರ್ಮೇಶನ್ ಏರುತ್ತಿದೆ. ಬಿಟ್‌ಕಾಯಿನ್ ಬ್ಲಾಕ್, ಅಂದರೆ ವಹಿವಾಟುಗಳ ಒಂದು ಕಂತೆ, ಸುಮಾರು 10 ನಿಮಿಷಕ್ಕೊಂದು ಬರುತ್ತದೆ, ಒಂದೊಂದಕ್ಕೂ ಒಂದು ಕನ್ಫರ್ಮೇಶನ್ ಏರುತ್ತದೆ, ಹಾಗಾಗಿ ಒಂದೆರಡು ಗಂಟೆ ಸುಮ್ನೆ ಕಾದೆ. ಎಕ್ಸ್‌ಚೇಂಜ್ ಕೇಳಿದಷ್ಟು ಕನ್ಫರ್ಮೇಶನ್ ದಾಟಿ ಹೋಯಿತು. ಆ್ಯಪ್ ಮಾತ್ರ 'ಪ್ರೊಸೆಸಿಂಗ್' ಅಂತಲೇ ಕೂತಿತ್ತು.

ಚಾಟ್‌ಬಾಟ್ ಕೇಳಿದರೆ 'ನೆಟ್‌ವರ್ಕ್ ದಟ್ಟಣೆ, ಕಾಯಿರಿ'. ಅಲ್ಲ ಮಾರಾಯ, ನೆಟ್‌ವರ್ಕಿನ ಕೆಲಸ ಆಗಲೇ ಮುಗಿದಿದೆ ಅಲ್ವಾ!

ಮರುದಿನ ಟ್ರಾನ್ಸಾಕ್ಷನ್ ಐಡಿ, ಮೊತ್ತ, ಸಮಯ ಬರೆದು ಈಮೇಲ್ ಹಾಕಿದೆ. ಈ ಸಲ ಮನುಷ್ಯರೇ ಉತ್ತರ ಕೊಟ್ಟರು, ಅದೂ ಮರ್ಯಾದೆಯಿಂದ. ಕಳಿಸಿದ ವಾಲೆಟ್ ಯಾರದು ಅಂತ ಘೋಷಣೆ ಕೊಡಬೇಕಿತ್ತಂತೆ. ಆ ಫಾರ್ಮ್ ಡೆಪಾಸಿಟ್ ಹಿಸ್ಟರಿಯ ಒಳಗೆಲ್ಲೋ ಅಡಗಿತ್ತು. ತುಂಬಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬ್ಯಾಲೆನ್ಸ್ ಬಂತು.

ಕೇಳುವುದು ತಪ್ಪಲ್ಲ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬರುತ್ತವೆ. ಆದರೆ ಕೇಳುತ್ತಿದ್ದೇವೆ ಅಂತ ಒಂದು ಮೆಸೇಜ್ ಹಾಕಲು ಏನು ಕಷ್ಟ? ಬಿಟ್‌ಕಾಯಿನ್ ಬೆಲೆ ಬಿದ್ದಾಗ ಮಾತ್ರ ನಡುರಾತ್ರಿಯಲ್ಲೂ ನೋಟಿಫಿಕೇಶನ್ ಬರುತ್ತದೆ.

ನಿಮ್ಮ ಡೆಪಾಸಿಟ್ ಸಿಕ್ಕಿಬಿದ್ದರೆ ಮೊದಲು ಎಕ್ಸ್‌ಪ್ಲೋರರ್ ನೋಡಿ. ಕನ್ಫರ್ಮ್ ಆಗಿಲ್ಲ ಅಂದರೆ ಸಮಸ್ಯೆ ನೆಟ್‌ವರ್ಕಿನದು, ಆಗಿದ್ದರೆ ಎಕ್ಸ್‌ಚೇಂಜಿನದು. ಬೇರೆ ಕ್ರಿಪ್ಟೊ ಕಳಿಸಿದ್ದರೆ, ಯುಎಸ್‌ಡಿಟಿ ಆದರೆ ಯಾವ ನೆಟ್‌ವರ್ಕಲ್ಲಿ ಕಳಿಸಿದ್ದು, ಎಕ್ಸ್‌ಆರ್‌ಪಿ ಆದರೆ ಟ್ಯಾಗ್ (ಯಾರ ಖಾತೆಗೆ ಅಂತ ತಿಳಿಸುವ ಸಂಖ್ಯೆ) ಹಾಕಿದ್ದೀರಾ, ಅದನ್ನೂ ನೋಡಿಕೊಳ್ಳಿ. ಟೆಲಿಗ್ರಾಂನಲ್ಲಿ 'ಸಪೋರ್ಟ್' ಅಂತ ಬಂದು ಸೀಡ್ ಫ್ರೇಸ್ (ವಾಲೆಟ್ ತೆರೆಯುವ ಗುಟ್ಟಿನ ಪದಗಳು) ಕೇಳುವವರನ್ನು ಬ್ಲಾಕ್ ಮಾಡಿ.

ಐದಕ್ಕೆ ಮೂರು ಸ್ಟಾರ್. ಅದರಲ್ಲೊಂದು ಆ ಈಮೇಲ್ ಬರೆದವರಿಗೆ. ಆ್ಯಪ್ ಇಟ್ಟುಕೊಳ್ಳುತ್ತೇನೆ, ಬಟವಾಡೆ ದುಡ್ಡು ಮಾತ್ರ ಇನ್ನು ಬ್ಯಾಂಕಿನಲ್ಲೇ.