ಹಳೆಯ ಅಂಬಾಸಿಡರ್ ಕಾದರೆ: ಹಾಸನದ ಒಂದು ರೇಡಿಯೇಟರ್ ಅಂಗಡಿ

ಹಾಸನದ ಬಿ.ಎಂ. ರಸ್ತೆಯಲ್ಲಿ, ಬೋರ್ಡಿನ ಬಣ್ಣ ಮಾಸಿ ‘ರೇಡಿಯೇಟರ್ ವರ್ಕ್ಸ್’ ಎಂಬಷ್ಟು ಮಾತ್ರ ಓದಲು ಬರುವ ಒಂದು ಚಿಕ್ಕ ಅಂಗಡಿಯಿದೆ. ಲಾರಿ ಮತ್ತು ಟ್ರ್ಯಾಕ್ಟರ್ ರೇಡಿಯೇಟರ್‌ಗಳೇ ಅಲ್ಲಿನ ಮುಖ್ಯ ಕಸುಬು. ತಂದೆಯವರಿಂದ ನನ್ನ ಪಾಲಿಗೆ ಬಂದ ಅಂಬಾಸಿಡರ್ ಮಾರ್ಕ್ 4 ಊರೊಳಗೆ ತಕರಾರಿಲ್ಲದೆ ಓಡುತ್ತಿದ್ದರೂ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಟ್ಯಾಂಕರ್‌ಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕಾಗಿ ಬಂದರೆ ನೀರು ಕುದಿದು ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಅದನ್ನು ಸರಿಪಡಿಸಿಕೊಟ್ಟವರು ಈ ಅಂಗಡಿಯವರು.

ಇದಕ್ಕೂ ಮೊದಲು ಬೇರೆ ಕಡೆ ಸಿಕ್ಕ ಸಲಹೆಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದವು: ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ಕಿತ್ತು ಬಿಸಾಡಿ, ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ. ಇಲ್ಲಿನ ಮೇಸ್ತ್ರಿ ಅಂಥ ಮಾತನ್ನೇ ಆಡದೆ, ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿಸಿ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಬಹಳ ಹೊತ್ತು ನೋಡಿದರು. ಗುಳ್ಳೆ ಎದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕು ಮತ್ತು ಅದರ ಮೇಲಿನ ಹೆಡ್ಡಿನ ನಡುವಿನ ಸೀಲು) ಹೋಗಿದೆ ಎಂದೇ ಅನುಮಾನಿಸಬೇಕಾಗುತ್ತಿತ್ತು. ಗುಳ್ಳೆ ಬರಲಿಲ್ಲ. ಇಂಜಿನ್ ಕಾದ ಮೇಲೆ ಆಫ್ ಮಾಡಿಸಿ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸುತ್ತಾ ಹೋಗಿ, ಕೆಳಗಿನ ಎಡಮೂಲೆಯಲ್ಲಿ ಕೈ ನಿಲ್ಲಿಸಿ, “ಇಲ್ಲಿ ಮುಟ್ಟಿ ನೋಡಿ ಸಾರ್, ತಣ್ಣಗದೆ. ನೀರೇ ಓಡ್ತಿಲ್ಲ” ಎಂದರು. ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿದಾಗ ಅದು ತನ್ನ ಮೇಲೆ ಅಚ್ಚಾಗಿದ್ದ 82 ಡಿಗ್ರಿಯ ಆಸುಪಾಸಿನಲ್ಲೇ ತೆರೆದುಕೊಂಡಿತು. ಆದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡರು. ಅದಿಲ್ಲದಿದ್ದರೆ ಮಲೆನಾಡಿನ ಚಳಿಯಲ್ಲಿ ಇಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಬೇಕು, ಪೆಟ್ರೋಲೂ ಹೆಚ್ಚು ಸುಡುತ್ತದೆ.

ಕ್ಯಾಪಿನ ರಬ್ಬರ್ ಮಾತ್ರ ಬಿರುಕು ಬಿಟ್ಟಿತ್ತು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಹಾಸನದಲ್ಲಿ ಬರಿಯ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. 7 ಪೌಂಡ್ ಒತ್ತಡ ಹಿಡಿದಿಡುವ ಒಳ್ಳೆಯ ಕ್ಯಾಪ್ ಆ ಮಿತಿಯನ್ನು ಹತ್ತು ಡಿಗ್ರಿಗಿಂತಲೂ ಹೆಚ್ಚು ಮೇಲಕ್ಕೆ ಒಯ್ಯುತ್ತದೆ.

ಅಂಗಡಿಯವರ ನಿಜವಾದ ಕೈಚಳಕ ಕಂಡದ್ದು ರೇಡಿಯೇಟರ್ ಬಿಚ್ಚಿದ ಮೇಲೆ. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆದ್ದರಿಂದ, ಬೆಸುಗೆಯನ್ನು ಗ್ಯಾಸ್ ಜ್ವಾಲೆಯಿಂದ ಕರಗಿಸಿ ಮೇಲಿನ ಟ್ಯಾಂಕನ್ನು ಮುಚ್ಚಳದಂತೆ ಎತ್ತಿದರು. ಒಳಗಿನ ಕೊಳವೆಗಳ ಬಾಯಲ್ಲಿ, ಬಚ್ಚಲುಮನೆಯ ಹಂಡೆಯ ಒಳಗೆ ಕಟ್ಟುವಂಥದೇ ಬಿಳಿಯ ಗಾರೆ ಕಟ್ಟಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕುತ್ತಾ ಬಂದದ್ದರ ಫಲವದು. ಚಪ್ಪಟೆಯಾದ ತೆಳು ಪಟ್ಟಿಯೊಂದನ್ನು ಒಂದೊಂದೇ ಕೊಳವೆಯೊಳಗೆ ಇಳಿಸಿ, ಕೊಳವೆ ಹರಿಯದ ಹಾಗೆ ಮೆಲ್ಲಗೆ ಎಳೆದಾಡಿ, ಬೆಳಕಿಗೆ ಹಿಡಿದು ನೋಡಿ ಮುಂದಿನದಕ್ಕೆ ಹೋಗುತ್ತಿದ್ದರು. ಅವಸರದವರು ಮಾಡುವ ಕೆಲಸವಲ್ಲ ಇದು. 1489 ಸಿ.ಸಿ. ಇಂಜಿನ್ನಿನ ಬ್ಲಾಕಿಗೆ ಇರುವ ಡ್ರೈನ್ ಟ್ಯಾಪ್ ತಿರುಗಿಸಿದಾಗ ಮೊದಲಿಗೆ ಒಂದು ಹನಿಯೂ ಬರಲಿಲ್ಲ. ತಂತಿಯಿಂದ ಕೆದಕಿ, ನೀರನ್ನು ಹಿಮ್ಮುಖವಾಗಿ ರಭಸದಿಂದ ಹಾಯಿಸಿದ ಮೇಲೆ ಕೆಂಪು ತುಕ್ಕಿನ ರಾಡಿ ಇಳಿಯಿತು. ರೇಡಿಯೇಟರ್ ಎಷ್ಟೇ ಚೊಕ್ಕಟವಾದರೂ ಈ ರಾಡಿ ಬ್ಲಾಕಿನಲ್ಲೇ ಉಳಿದಿದ್ದರೆ ನಾಲ್ಕನೇ ಸಿಲಿಂಡರಿನ ಸುತ್ತ ಶಾಖ ಕಟ್ಟಿಕೊಳ್ಳುತ್ತಲೇ ಇರುತ್ತಿತ್ತು. ಕೊನೆಗೆ ಹೊಸ ಹೋಸ್ ಪೈಪ್‌ಗಳನ್ನು ಹಾಕಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬಿದರು. ಈ ಮಾದರಿಗೆ ಪ್ರತ್ಯೇಕ ಓವರ್‌ಫ್ಲೋ ಬಾಟಲಿ ಇಲ್ಲದ ಕಾರಣ, ಕುತ್ತಿಗೆಯಿಂದ ಸುಮಾರು ಒಂದು ಅಂಗುಲ ಕೆಳಗೇ ಮಟ್ಟ ನಿಲ್ಲಿಸಬೇಕು. ಕಂಠಮಟ್ಟ ತುಂಬಿದರೆ ಹಿಗ್ಗಿದ ನೀರು ಹೊರಚೆಲ್ಲುತ್ತದೆ, ನೋಡಿದವರು ಸೋರಿಕೆ ಎಂದುಕೊಳ್ಳುತ್ತಾರೆ.

ಆಮೇಲೆ ಅದೇ ಘಾಟಿಯನ್ನು ಮಟಮಟ ಮಧ್ಯಾಹ್ನ ಹತ್ತಿದಾಗಲೂ ಶಾಖ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಸ್ವಲ್ಪವಷ್ಟೇ ಮೇಲೇರಿತು. ಖರ್ಚು ಹೊಸ ಕೋರ್‌ಗೆ (ರೇಡಿಯೇಟರಿನ ಕೊಳವೆಗಳಿರುವ ನಡುಭಾಗ) ಕೇಳಿದ್ದ ಬೆಲೆಯ ಅರ್ಧದಷ್ಟೂ ಆಗಲಿಲ್ಲ. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, ಮೂಲ ರೇಡಿಯೇಟರನ್ನೇ ಉಳಿಸಿಕೊಳ್ಳುವುದು ಜಾಣತನವೆಂದು ನನಗನ್ನಿಸುತ್ತದೆ.

ಅಂಗಡಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಲಾರಿ ಬಂದರೆ ಕಾರಿನ ಕೆಲಸ ಪಕ್ಕಕ್ಕೆ ಸರಿಯುತ್ತದೆ, ಹೇಳಿದ ದಿನಕ್ಕೆ ಗಾಡಿ ಕೈಗೆ ಬರುವುದಿಲ್ಲ. ಬಿಲ್ ಕೇಳಿದರೆ ಸಿಗುವುದು ಒಂದು ಚೀಟಿ. ಕೆಲಸ ಮುಗಿದ ಮೇಲೆ ರೇಡಿಯೇಟರಿಗೆ ದಪ್ಪಗೆ ಕಪ್ಪು ಬಣ್ಣ ಬಳಿಯುವ ಅಭ್ಯಾಸ ಅವರಿಗಿದೆ. ಅದು ಕೊಳವೆಗಳ ನಡುವಿನ ತೆಳು ಲೋಹದ ರೆಕ್ಕೆಗಳ ಸಂದಿಯಲ್ಲಿ ತುಂಬಿದರೆ ಗಾಳಿಗೇ ಅಡ್ಡಿ, ಆದ್ದರಿಂದ ತೆಳ್ಳಗೆ ಸಾಕೆಂದು ಮೊದಲೇ ಹೇಳಿಬಿಡಬೇಕು. ಪ್ಲಾಸ್ಟಿಕ್ ಟ್ಯಾಂಕಿನ ಹೊಸ ಕಾಲದ ರೇಡಿಯೇಟರ್‌ಗಳನ್ನು ಅವರು ಮುಟ್ಟುವುದಿಲ್ಲ. ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡುವುದು ಮೇಲು. ದೂರದಿಂದ ಓಡಿಸಿಕೊಂಡು ಬಂದ ಇಂಜಿನ್ ತಣಿಯುವವರೆಗೆ ಅವರು ಕ್ಯಾಪಿಗೆ ಕೈ ಹಾಕುವುದಿಲ್ಲ.