ಕೆಳಗೆ ಬಿದ್ದ ಕ್ಲೇಯನ್ನು ಮತ್ತೆ ಕಾರಿಗೆ ಮುಟ್ಟಿಸಬೇಡಿ

ನನ್ನ ಕಡುನೀಲಿ ಕಾರಿನ ಬಾನೆಟ್ ಮೇಲೆ ಈಗ ಅಂಗೈಯಗಲದ ಮಂಕು ಕಲೆಯೊಂದಿದೆ. ಮಳೆಯಲ್ಲಿ ನೆನೆದಾಗ ಕಾಣುವುದಿಲ್ಲ, ಒಣಗಿದ ಕೂಡಲೇ ಎದ್ದು ಕಾಣುತ್ತದೆ. ಯಾರೂ ಗುದ್ದಿದ್ದಲ್ಲ, ಗೀಚಿದ್ದೂ ಅಲ್ಲ. ಒಂದು ಭಾನುವಾರ ಪೂರ್ತಿ ಬೆವರು ಸುರಿಸಿ ನಾನೇ ಮಾಡಿಕೊಂಡಿದ್ದು.

ಕಾರು ತೊಳೆದು ಒರೆಸಿದ ಮೇಲೂ ಕೈಯಾಡಿಸಿದರೆ ಪೇಂಟ್ ತರಿತರಿ ಅನ್ನಿಸುತ್ತಿತ್ತು. (ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.) ಬ್ರೇಕಿನಿಂದ ಹಾರಿ ಕಚ್ಚಿಕೊಂಡ ಕಬ್ಬಿಣದ ಪುಡಿ, ಮರದ ಅಂಟು, ಟಾರಿನ ಚುಕ್ಕೆ, ಇವೆಲ್ಲ ಶಾಂಪೂಗೆ ಜಗ್ಗುವುದಿಲ್ಲ. ಪೇಂಟ್ ಸ್ವಚ್ಛ ಮಾಡಲೆಂದೇ ಸಿಗುವ, ಜೇಡಿಮಣ್ಣಿನಂತೆ ಮೆತ್ತಗಿನ ಮುದ್ದೆ ಕ್ಲೇ ಬಾರ್ ಉಜ್ಜಿದರೆ ಅದಕ್ಕೆ ಅಂಟಿಕೊಂಡು ಬರುತ್ತವೆ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಕ್ಲೇ ಜಾರಬೇಕಾದರೆ ಅದರ ಜೊತೆ ಬರುವ ಜಾರುದ್ರವ ಧಾರಾಳವಾಗಿ ಬೇಕು. ಅರ್ಧ ಬಾನೆಟ್‌ಗೇ ನನ್ನ ಬಾಟಲಿ ಖಾಲಿ. ಬರೀ ನೀರು ಚಿಮುಕಿಸಿ ಮುಂದುವರಿಸಿದೆ. ಕ್ಲೇ ಕಚ್ಚತೊಡಗಿತು, ಕೈಜಾರಿ ನೆಲಕ್ಕೆ ಬಿತ್ತು. ಎತ್ತಿ, ಬಟ್ಟೆಯಲ್ಲಿ ಒರೆಸಿ, ಒಂದೆರಡು ಸಲ ನಾದಿ ಮತ್ತೆ ಉಜ್ಜಿದೆ. ಮುದ್ದೆಯೊಳಗೆ ಸೇರಿದ ಮರಳು ಒರೆಸಿದರೆ ಹೋಗುತ್ತದೆಯೇ? ಬಾನೆಟ್ ತುಂಬ ಉದ್ದುದ್ದ ಗೀರು. ನಿಜ, ಸರಿಯಾಗಿ ಕ್ಲೇ ಮಾಡಿದರೂ ಗಾಢ ಬಣ್ಣದ ಮೇಲೆ ಸ್ವಲ್ಪ ಮಸುಕು ಉಳಿಯಬಹುದು, ಪಾಲಿಷ್ ಮಾಡುವುದು ಅದಕ್ಕೇ. ನನ್ನದು ಮಸುಕಲ್ಲ, ಉಪ್ಪುಕಾಗದ ಎಳೆದಂತಿತ್ತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಗೆಳೆಯನ ಬಳಿ ಪಾಲಿಷ್ ಮಾಡುವ ರೋಟರಿ ಮಷಿನ್ ಇತ್ತು. ಉಣ್ಣೆಯ ಪ್ಯಾಡ್ ಸಿಕ್ಕಿಸಿ, ಎಲ್ಲಕ್ಕಿಂತ ಒರಟು ಕಾಂಪೌಂಡ್ (ಪೇಂಟ್ ಉಜ್ಜಿ ಸವೆಸುವ ಪೇಸ್ಟ್) ಹಚ್ಚಿ ಶುರುಮಾಡಿದೆ. ಪಾಲಿಷ್ ಎಂದರೆ ಗೀರನ್ನು ತುಂಬುವುದು ಅಂತ ತಿಳಿದಿದ್ದೆ. ಹಾಗಲ್ಲ. ಗೀರಿನ ತಳ ಸಿಗುವವರೆಗೆ ಅದರ ಸುತ್ತಲಿನ ಕ್ಲಿಯರ್ ಕೋಟನ್ನೇ, ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ ಸವೆಸುವುದು. ಆ ಪದರದ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಆಸುಪಾಸು, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಬಾನೆಟ್ಟಿನ ಉಬ್ಬುಗೆರೆಗಳ ಮೇಲೆ ಇನ್ನೂ ತೆಳ್ಳಗಿರುತ್ತದೆ, ಮಷಿನ್ನಿನ ಭಾರವೆಲ್ಲ ಬೀಳುವುದೂ ಆ ಗೆರೆಯ ಮೇಲೆಯೇ. ರೋಟರಿ ಒಂದೇ ಕೇಂದ್ರದಲ್ಲಿ ಗಿರಗಿರ ಸುತ್ತುವುದರಿಂದ ಬೇಗ ಕಾವೇರುತ್ತದೆ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ಮಷಿನ್ ಆಗಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲವೇನೋ.

ಸ್ವಲ್ಪ ಹೊತ್ತಿಗೆ ಬಿಳಿಯ ಪ್ಯಾಡ್ ನೀಲಿಗೆ ತಿರುಗಿತು. ಆಹಾ, ಕೊಳೆ ಬರುತ್ತಿದೆ ಎಂದು ಖುಷಿಯಿಂದ ಇನ್ನೂ ಒತ್ತಿದೆ! ಬರುತ್ತಿದ್ದದ್ದು ಕೊಳೆಯಲ್ಲ, ಕ್ಲಿಯರ್ ಕೋಟ್ ಮುಗಿದು ಕೆಳಗಿನ ಬಣ್ಣ.

ಮಂಕಾದದ್ದನ್ನು ಮುಚ್ಚಲು ವ್ಯಾಕ್ಸ್. ಅದೂ ಬಿಸಿಲಲ್ಲಿ, ಕೈ ಇಡಲಾಗದಷ್ಟು ಕಾದ ಬಾನೆಟ್ ಮೇಲೆ, ದೋಸೆಗೆ ಬೆಣ್ಣೆ ಮೆತ್ತಿದ ಹಾಗೆ. ಒಣಗಿ ಕಲ್ಲಾಯಿತು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆಲ್ಲ ಬಿಳಿ ಕಲೆ. ಬಾನೆಟ್ಟಿನ ಮಂಕು ಕಲೆ ಎರಡು ವಾರ ಹೊಳೆದಂತೆ ಕಂಡು, ತೊಳೆಯುತ್ತಾ ತೊಳೆಯುತ್ತಾ ಮತ್ತೆ ಹೊರಬಂತು. ಪೇಂಟರ್ ಬೆರಳಾಡಿಸಿ ನೋಡಿ, “ಸರ್, ಕ್ಲಿಯರ್ ಹೋಗ್ಬಿಟ್ಟಿದೆ. ಇದಕ್ಕೆ ಪಾಲಿಷ್ ಇಲ್ಲ, ಬಾನೆಟ್ ಪೂರ್ತಿ ಹೊಡೀಬೇಕು” ಅಂದರು.

ಮನೆಯಲ್ಲಿ ಮಾಡಲೇಬೇಡಿ ಅನ್ನುತ್ತಿಲ್ಲ. ಕ್ಲೇಯನ್ನು ಮೂರ್ನಾಲ್ಕು ತುಂಡು ಮಾಡಿಟ್ಟುಕೊಳ್ಳಿ, ಒಂದು ಬಿದ್ದರೆ ಅದನ್ನು ಎಸೆಯಲು ಮನಸ್ಸು ಬರುತ್ತದೆ. ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ ಮಾತ್ರ ಕೆಲಸ. ಮೊದಲು ಎಲ್ಲಕ್ಕಿಂತ ನಯವಾದ ಪಾಲಿಷ್, ಮೆತ್ತನೆಯ ಫೋಮ್ ಪ್ಯಾಡ್, ಅದೂ ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ. ಅಂಚು, ಉಬ್ಬುಗೆರೆಗಳಿಗೆಲ್ಲ ಮಾಸ್ಕಿಂಗ್ ಟೇಪ್. ಉಗುರಿಗೆ ಸಿಕ್ಕುವ ಗೀರಿನ ತಂಟೆಗೆ ಹೋಗಬೇಡಿ, ಅದು ಪಾಲಿಷ್‌ಗೆ ಹೋಗುವಂಥದ್ದಲ್ಲ.

ಸೆಕೆಂಡ್ ಹ್ಯಾಂಡ್ ಕಾರಾದರೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇರುವವರ ಹತ್ತಿರ ಮೊದಲು ತೋರಿಸಿ. ಹಿಂದಿನವರೂ ನನ್ನಂಥವರೇ ಆಗಿದ್ದರೆ ಸವೆಸಲು ಏನೂ ಉಳಿದಿರುವುದಿಲ್ಲ.